ಪಣಂಬೂರಿನಲ್ಲಿ ಐದು ಗಂಟೆ

ಕಳೆದ ಡಿಸೆಂಬರಿನ ಒಂದು ರಾತ್ರಿ ನನ್ನ ತಮ್ಮನಿಂದ ನಾಲ್ಕು ಸಾಲಿನ ಸಂದೇಶವೊಂದು ಬಂದಿತು. ತಾನು ಕೆಲಸ ಮಾಡುವ ಪ್ರವಾಸಿ ಹಡಗು ಜನವರಿಯ ಮೂರನೆಯ ವಾರ ಗೋವೆಯಿಂದ ಕೊಚ್ಚಿಗೆ ಹೋಗುವ ದಾರಿಯಲ್ಲಿ ಮಂಗಳೂರಿನಲ್ಲಿ ಒಂದು ಹಗಲು ತಂಗಲಿದೆ; ಅಂದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ತನಗೆ ದಡಕ್ಕಿಳಿಯಲು ಅಪ್ಪಣೆ ದೊರೆಯಬಹುದು; ಅವ್ವನನ್ನು ಅಲ್ಲಿಗೆ ಕರೆತರುವುದಾದೀತೇ? ಇಷ್ಟೇ ಅದರ ಒಕ್ಕಣೆ.

ನಮ್ಮದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿ. ಹತ್ತಿ, ಗೋವಿನಜೋಳ, ಮೆಣಸಿನಕಾಯಿಗಳ ಸೀಮೆ. ನಮ್ಮ ಊರಿನವರಿಗೆ ಮಳೆಯ ಚಿಂತೆ ಗೊತ್ತು, ಕೆರೆಯ ಚಿಂತೆ ಗೊತ್ತು. ಕಡಲಿನ ಚಿಂತೆ ಗೊತ್ತಿಲ್ಲ. ಅವ್ವನಿಗೆ ಮಂಗಳೂರೆಂದರೆ ಮನೆಯ ಮೇಲಿನ ಹಂಚು, ಅಷ್ಟೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ತೀರದಲ್ಲಿ ತೊಡಗಿಸಿದ ಆ ಹಂಚಿನ ಉದ್ಯಮ ಘಟ್ಟವನ್ನು ಹತ್ತಿ ನಮ್ಮ ಬಯಲುಸೀಮೆಯ ಮನೆಮನೆಗೂ ಬಂದಿತು. ನಮ್ಮವರು ಮಾತ್ರ ಘಟ್ಟವನ್ನಿಳಿದು ಅತ್ತ ಹೋದದ್ದು ಕಡಿಮೆ. ಹಾಗೆಂದು ಕಡಲಿನ ಕರೆ ಈ ನೆಲದವರನ್ನು ಮುಟ್ಟಿಯೇ ಇಲ್ಲವೆನ್ನುವಂತಿಲ್ಲ. ನೆರೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಹೆಚ್ಚಿನ ಓದಿಗಾಗಿ ಕಡಲನ್ನು ದಾಟಿ ಹೋದರು. ಅವರ ‘ಸಮುದ್ರ ಗೀತೆಗಳು’ ಕನ್ನಡಕ್ಕೆ ಲಭಿಸಿದ್ದು ಹಾಗೆ. ನಾನು ಅವನ್ನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕು, ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಹೆತ್ತ ತಾಯಿಗೆ ಕಡಲನ್ನು ತೋರಿಸಬೇಕೆಂಬುದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು, ಹಡಗಿನ ಅಡುಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುವ ತಮ್ಮನಿಗೆ.

ಅದಕ್ಕೊಂದು ಕಾರಣವೂ ಇದ್ದಿತು. ಹಿಂದಿನ ಜೂನಿನಲ್ಲಿ, ಬಿತ್ತಿಗೆಯ ದಿನಗಳಲ್ಲಿ, ನಮ್ಮ ತಂದೆ ತೀರಿಕೊಂಡರು. ತಮ್ಮನ ಹಡಗು ಆಗ ಇಟಲಿಯ ಆಚೆ ಎಲ್ಲಿಯೋ ಇದ್ದಿತು. ಮುಂದಿನ ಬಂದರನ್ನು ತಲುಪಿ, ವಿಮಾನ ಹಿಡಿದು, ಊರಿಗೆ ಬರುವ ವೇಳೆಗೆ ಮಣ್ಣು ಮುಗಿದು ಮೂರು ದಿನಗಳಾಗುತ್ತಿದ್ದವು. ಬರಬೇಡವೆಂದು ಅವ್ವನೇ ಹೇಳಿದಳು. ಅವನು ಫೋನಿನ ಪರದೆಯ ಮೇಲೆ ಎಲ್ಲವನ್ನೂ ನೋಡಿದನು. ಆ ಬಳಿಕ ತಾಯಿಮಗ ಮುಖಾಮುಖಿ ಕಂಡಿರಲಿಲ್ಲ. ಅವ್ವನಿಗೆ ಅವನನ್ನು ಕೇಳಬೇಕಾದ ಮಾತೊಂದಿತ್ತು. ಒಪ್ಪಂದ ಮುಗಿದ ಮೇಲೆ ಅವನು ಊರಿಗೆ ಬಂದು ಹೊಲ ಮಾಡುವನೋ, ಮತ್ತೆ ಹಡಗನ್ನು ಹತ್ತುವನೋ? ಇರುವ ನಾಲ್ಕೆಕರೆಯನ್ನು ಲಾವಣಿಗೆ ಹಾಕುವುದಾದರೆ ಯುಗಾದಿಯೊಳಗೆ ತೀರ್ಮಾನವಾಗಬೇಕು. ಫೋನಿನಲ್ಲಿ ಕೇಳಬಹುದಲ್ಲ ಎಂದೆ. “ಅದು ಫೋನಿನಾಗ ಕೇಳು ಮಾತಲ್ಲಪಾ” ಎಂದಳು.

ವೇಳಾಪಟ್ಟಿಯ ಸಂಭ್ರಮ

ಐದು ಗಂಟೆಗಳಲ್ಲಿ ಮಂಗಳೂರನ್ನು ಹೇಗೆ ನೋಡಿ ಮುಗಿಸಬಹುದೆಂಬ ಚಿಂತೆ ನನ್ನನ್ನು ಹಿಡಿಯಿತು. ಮೇಷ್ಟ್ರ ಬುದ್ಧಿ, ಕಾಗದವನ್ನು ತೆಗೆದು ಗೆರೆಗಳನ್ನೆಳೆದೆ. ಹತ್ತೂವರೆಗೆ ಕದ್ರಿ ಮಂಜುನಾಥ. ಅಲ್ಲಿಯ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿ. ಶ. 968ರ ಶಾಸನವುಳ್ಳದ್ದು, ಕನ್ನಡ ಎಂ. ಎ. ಆದವನು ಬಿಡುವಂತಿಲ್ಲ. ಹನ್ನೊಂದೂವರೆಗೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ. ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ದುಡಿದು ಅದರ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾನೆ. ಹನ್ನೆರಡೂವರೆಗೆ ಕುದ್ರೋಳಿ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ. ಒಂದೂವರೆಗೆ ಸುಲ್ತಾನ್ ಬತ್ತೇರಿ. ಗುರುಪುರ ನದಿಗೆ ಯುದ್ಧದ ದೋಣಿಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಕಾವಲುಗೋಪುರ. ಅಲ್ಲಿಂದ ದೋಣಿಯಲ್ಲಿ ನದಿಯನ್ನು ದಾಟಿದರೆ ತಣ್ಣೀರುಬಾವಿಯ ಕಡಲತೀರ. ಅಲ್ಲಿ ಇಪ್ಪತ್ತು ನಿಮಿಷ ಸಮುದ್ರದರ್ಶನ. ಎರಡೂವರೆಗೆ ಹಿಂದಿರುಗುವುದು.

ಮನೆಯಾಕೆ ಪಟ್ಟಿಯನ್ನು ನೋಡಿ, “ಇದು ಪ್ರವಾಸವೋ, ಪರೀಕ್ಷೆಯ ವೇಳಾಪಟ್ಟಿಯೋ?” ಎಂದಳು. ನಾನದನ್ನು ಅವ್ವನಿಗೆ ಓದಿ ಹೇಳಿದೆ. ಆಕೆ ಕೊನೆಯವರೆಗೂ ಸಮಾಧಾನದಿಂದ ಕೇಳಿ, “ಇದರಾಗ ನಾವು ಮಾತಾಡೂದು ಎಷ್ಟ್ ಗಂಟೇಕ್ಕಪಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಪ್ರವಾಸಿ ಹಡಗುಗಳಲ್ಲಿ ಬರುವವರೆಲ್ಲ ಹೀಗೆಯೇ ಗೆರೆ ಎಳೆಯುವವರೆಂದು ಆಮೇಲೆ ತಿಳಿಯಿತು. ಅಕ್ಟೋಬರ್ ನವೆಂಬರಿನಿಂದ ಬೇಸಗೆಯ ಮೊದಲವರೆಗೆ ಪಶ್ಚಿಮ ಕರಾವಳಿಯಲ್ಲಿ ಇವುಗಳ ಹಂಗಾಮು. ಕೋವಿಡ್ ಪಿಡುಗಿನಿಂದ ನಿಂತುಹೋಗಿದ್ದ ಇವುಗಳ ಬರವು ಮಂಗಳೂರಿನಲ್ಲಿ 2022ರ ನವೆಂಬರಿನಿಂದ ಮತ್ತೆ ಮೊದಲಾಯಿತು. ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ ಬಂದು ಸಂಜೆಗೆ ಹೊರಡುತ್ತವೆ. ಹಣವುಳ್ಳ ಪರದೇಶಿ ಪ್ರವಾಸಿಗರು ಬಸ್ಸುಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ, 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನಲ್ಲಿಗೋ, ಗೋಡಂಬಿಯ ಕಾರ್ಖಾನೆಗೋ, ಊರೊಳಗಿನ ಪೇಟೆಗೋ ಹೋಗಿ ಬರುತ್ತಾರೆ. ಹಡಗಿನ ಕೆಲಸಗಾರರಿಗೆ ಇಂಥ ಏರ್ಪಾಡೇನೂ ಇಲ್ಲ. ಸಿಕ್ಕ ಗಂಟೆಯನ್ನು ಸಿಕ್ಕ ವಾಹನದಲ್ಲಿ ಕಳೆಯಬೇಕು.

ಘಟ್ಟವನ್ನಿಳಿದದ್ದು

ಸಂಕ್ರಮಣ ಕಳೆದು ನಾಲ್ಕು ದಿನಗಳಾಗಿದ್ದವು. ಅವ್ವ, ಎಂಟು ವರ್ಷದ ನನ್ನ ಮಗಳು ಮತ್ತು ನಾನು, ಮೂವರೂ ಹುಬ್ಬಳ್ಳಿಯಿಂದ ರಾತ್ರಿಯ ಬಸ್ಸು ಹಿಡಿದೆವು. ಮಲಗುವ ಬಸ್ಸಿನಲ್ಲಿ ಕರೆದೊಯ್ಯುತ್ತೇನೆಂದರೆ ಅವ್ವ ಒಪ್ಪಲಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಲ್ಲವಷ್ಟೆ, “ಪುಕ್ಕಟೆ ಒಯ್ಯೂದು ಬಿಟ್ಟು ರೊಕ್ಕಾ ಕೊಟ್ಟು ಮಕ್ಕೋಬೇಕೇನು?” ಎಂಬುದು ಆಕೆಯ ವಾದ. ವೇಗದೂತ ಬಸ್ಸಿನಲ್ಲಿ ಆಕೆಗೆ ಶೂನ್ಯ ಟಿಕೇಟು, ನನಗೆ ಪೂರ್ಣ ಟಿಕೇಟು, ಮಗಳಿಗೆ ಕಿಟಕಿ.

ಅವ್ವನ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ರೊಟ್ಟಿಯ ಬುತ್ತಿ. ಇನ್ನೊಂದು ಸಣ್ಣದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನೊಳಗೆ ಹಿಡಿದುಕೊಂಡದ್ದು. ಅದೇನೆಂದು ಕೇಳಿದರೆ, “ಇರಲಿ ತಗೋ” ಎಂದಳು.

ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನಿಳಿಯುವಾಗ ನಡುರಾತ್ರಿ. ಕಾಡಿನ ಕತ್ತಲೆಯಲ್ಲಿ ತಿರುವು ತಿರುವಿಗೂ ಅವ್ವ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ನಮ್ಮ ಕಡೆಯ ವರದೆಯ ನೀರು ತುಂಗಭದ್ರೆಯನ್ನು ಸೇರಿ ಪೂರ್ವಸಮುದ್ರಕ್ಕೆ ಹೋಗುತ್ತದೆ. ಧಾರವಾಡದ ಬಗಲಿನಲ್ಲಿ ಹುಟ್ಟುವ ಶಾಲ್ಮಲೆಯಾದರೋ ಬೇಡ್ತಿಯಾಗಿ, ಗಂಗಾವಳಿಯಾಗಿ ಇದೇ ಕಾಡನ್ನು ಸೀಳಿಕೊಂಡು ಪಶ್ಚಿಮಕ್ಕಿಳಿಯುತ್ತದೆ. ಅಂಕೋಲೆಯನ್ನು ಬಿಟ್ಟ ಮೇಲೆ ಶಿರೂರಿನಲ್ಲಿ ಬಸ್ಸು ನಿಧಾನವಾಯಿತು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ, ರಸ್ತೆಬದಿಯಲ್ಲಿದ್ದವರನ್ನೂ ಗಂಗಾವಳಿಗೆ ನೂಕಿದ ಸ್ಥಳವದು. ಬಸ್ಸಿನಲ್ಲಿ ಎಚ್ಚರವಿದ್ದವರು ಅತ್ತ ನೋಡಿದರು, ಯಾರೂ ಮಾತಾಡಲಿಲ್ಲ.

ಬೆಳಕು ಹರಿಯುವಾಗ ಉಡುಪಿ ಹಿಂದಾಗಿತ್ತು. ಸುರತ್ಕಲ್ ದಾಟಿ, ಪಣಂಬೂರು ದಾಟಿ, ಬಸ್ಸು ಮಂಗಳೂರಿನ ಬಿಜೈ ನಿಲ್ದಾಣವನ್ನು ಸೇರಿತು. ಇಲ್ಲಿ ನಾನೊಂದು ಮೂರ್ಖತನ ಮಾಡಿದ್ದೆ. ವಾಚಕರ ಉಪಯೋಗಕ್ಕಾಗಿ ಅದನ್ನು ಹೇಳಿಬಿಡುತ್ತೇನೆ. ನವಮಂಗಳೂರು ಬಂದರಿರುವುದು ಮಂಗಳೂರಿನ ಒಳಗಲ್ಲ. ಪೇಟೆಯಿಂದ ಹತ್ತು ಕಿಲೋಮೀಟರಿನಷ್ಟು ಉತ್ತರಕ್ಕೆ, ಹೆದ್ದಾರಿಯ ಮಗ್ಗುಲಿಗೇ ಇರುವ ಪಣಂಬೂರಿನಲ್ಲಿ. ಬಡಗಣಿಂದ ಬರುವವರು ಅಲ್ಲಿಯೇ ಇಳಿಯಬಹುದು. ನಾವು ಬಂದರಿನ ಬಾಗಿಲನ್ನು ಕಣ್ಣೆದುರಿಗೇ ದಾಟಿ ಹೋಗಿ, ಮತ್ತೆ ಅಷ್ಟೇ ದಾರಿಯನ್ನು ಹಿಂದಕ್ಕೆ ಬಂದೆವು.

ಖಾಸಗಿ ಬಸ್ಸಿನ ಪಾಠ

ನಿಲ್ದಾಣದಲ್ಲಿ ಮುಖ ತೊಳೆದು, ಬನ್ಸು ಚಹಾಗಳನ್ನು ಮುಗಿಸಿ, ಲಾಲ್‌ಬಾಗಿಗೆ ನಡೆದು ಸುರತ್ಕಲ್ ಕಡೆಗೆ ಹೋಗುವ ನಗರಸಾರಿಗೆಯ ಬಸ್ಸನ್ನು ಹತ್ತಿದೆವು. ಕಂಡಕ್ಟರು ಬಂದೊಡನೆ ಅವ್ವ ಗಂಭೀರವಾಗಿ ಆಧಾರ್ ಕಾರ್ಡನ್ನು ತೆಗೆದು ಹಿಡಿದಳು.

“ಅಮ್ಮಾ, ಇದು ಪ್ರೈವೇಟ್ ಬಸ್ಸು ಮಾರಾಯ್ರೇ. ಇಲ್ಲಿ ಅದು ನಡೆಯುವುದಿಲ್ಲ.”

“ಯಾಕಪಾ, ಇಲ್ಲಿ ಸರಕಾರ ಬ್ಯಾರೇ ಐತೇನು?”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕು, ಮುಂದಿನ ಸೀಟಿನಲ್ಲಿದ್ದ ಹುಡುಗನನ್ನೆಬ್ಬಿಸಿ ಅವ್ವನನ್ನು ಕೂರಿಸಿದನು. ಟಿಕೇಟಿನ ಹಣವನ್ನು ಮಾತ್ರ ಬಿಡಲಿಲ್ಲ. ದಕ್ಷಿಣ ಕನ್ನಡದ ಪದ್ಧತಿಯೇ ಹಾಗೆ. 1914ರಲ್ಲಿಯೇ ಇಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಮೋಟಾರು ಕಂಪನಿ ಹುಟ್ಟಿತು. ಅಂದಿನಿಂದ ಈ ಜಿಲ್ಲೆಯ ದಾರಿಗಳ ಮೇಲೆ ಖಾಸಗಿ ಬಸ್ಸುಗಳದೇ ಮೇಲುಗೈ. ಸರಕಾರಿ ಬಸ್ಸಿಗಾಗಿ ಕಾಯುವ ಅಭ್ಯಾಸದ ನಮಗೆ ಈ ಬಸ್ಸುಗಳು ಒಂದರ ಬಾಲವನ್ನು ಇನ್ನೊಂದು ಹಿಡಿದು ಬರುವುದೇ ಆಶ್ಚರ್ಯ. ಸೀಟಿ ಊದಿದರೆ ನಿಲುಗಡೆ, ಮತ್ತೆ ಊದಿದರೆ ಓಟ. ಹತ್ತುವವರು ಯೋಚಿಸುತ್ತ ನಿಲ್ಲುವಂತಿಲ್ಲ. ಕೊಟ್ಟಾರಚೌಕಿಯನ್ನು ದಾಟಿ ಕೂಳೂರಿನ ಸೇತುವೆಯ ಮೇಲೆ ಹೋಗುವಾಗ ಕೆಳಗೆ ಅಗಲವಾದ ಫಲ್ಗುಣಿ ಕಂಡಿತು. “ಇದs ಏನು ಸಮುದ್ರ?” ಎಂದು ಅವ್ವ ಕೇಳಿದಳು. ಅಲ್ಲವೆಂದಾಗ, “ಮತ್ತ ಅದು ಇನ್ನೆಷ್ಟ್ ದೊಡ್ಡದಿರಬೇಕು!” ಎಂದು ಸುಮ್ಮನಾದಳು.

ಬಂದರಿನ ಬಾಗಿಲಲ್ಲಿ

ಒಂಬತ್ತೂಮುಕ್ಕಾಲಿಗೆ ನಾವು ಬಂದರಿನ ಹೊರಬಾಗಿಲ ಬಳಿ ನಿಂತಿದ್ದೆವು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯಲ್ಲಿದೆ. ನದಿಗಳು ತರುವ ಹೂಳಿನಿಂದಾಗಿ ಅಲ್ಲಿಗೆ ದೊಡ್ಡ ಹಡಗುಗಳು ಬರುವಂತಿರಲಿಲ್ಲ. ಆದ್ದರಿಂದ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಕಡಲಿನ ನೀರನ್ನು ಒಳಕ್ಕೆ ಬಿಟ್ಟುಕೊಂಡು, ಬಾಯಿಗೆ ಎರಡು ಕಲ್ಲೊಡ್ಡುಗಳನ್ನು ಚಾಚಿ ಹೊಸ ಬಂದರನ್ನು ಕಟ್ಟಿದರು. 1974ರ ಮೇ ತಿಂಗಳಲ್ಲಿ ಅದು ಪ್ರಮುಖ ಬಂದರೆಂದು ಘೋಷಿತವಾಯಿತು. ಮರುವರ್ಷದ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಕುದುರೆಮುಖದ ಅದಿರು ದೀರ್ಘಕಾಲ ಇಲ್ಲಿಂದಲೇ ಪರದೇಶಗಳಿಗೆ ಹೋಗುತ್ತಿದ್ದಿತು. 2005ರ ಕೊನೆಯಲ್ಲಿ ಆ ಗಣಿ ನಿಂತಿತು.

ನಾವು ನೋಡುತ್ತಿರುವಂತೆಯೇ ಪ್ರವಾಸಿಗರನ್ನು ಹೊತ್ತ ಬಸ್ಸುಗಳು ಸಾಲಾಗಿ ಹೊರಬಂದುವು. ಕಿಟಕಿಗಳಲ್ಲಿ ನರೆತ ತಲೆಗಳು, ಬಿಳಿಯ ಟೊಪ್ಪಿಗೆಗಳು. ಬಾಡಿಗೆಯ ಕಾರುಗಳೂ ಹೊರಟವು. ಹತ್ತಾಯಿತು, ಹತ್ತೂವರೆಯಾಯಿತು, ಹನ್ನೊಂದಾಯಿತು. ನನ್ನ ಕಿಸೆಯ ಪಟ್ಟಿಯಲ್ಲಿ ಮೊದಲು ಕದ್ರಿ ಹೋಯಿತು, ಅನಂತರ ಮೊಸ್ಕೇನಿಯ ಚಿತ್ರಗಳು ಹೋದವು. ಒಳಗಿನಿಂದ ಸಂದೇಶ ಬಂದಿತು: ಬೆಳಗಿನ ಉಪಾಹಾರದ ಪಾತ್ರೆಗಳ ಕೆಲಸ ತಡವಾಯಿತು, ಇನ್ನು ಕಾಗದಪತ್ರಗಳ ತಪಾಸಣೆ ಬಾಕಿ. ನಾನು ಚಡಪಡಿಸುತ್ತಿದ್ದೆ. ಅವ್ವ ಗೋಡೆಯ ನೆರಳಿನಲ್ಲಿ ಕುಳಿತು, “ಎಂಟ್ ತಿಂಗಳು ಕಾದೀನಿ, ಇದೇನು” ಎಂದಳು.

ಹನ್ನೊಂದೂವರೆಗೆ ಅವನು ಬಂದನು. ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ದಡಕ್ಕಿಳಿಯುವ ಪರವಾನಗಿ. ಮೈ ಇಳಿದಿತ್ತು, ಬಣ್ಣ ತಿಳಿಯಾಗಿತ್ತು. ಹಡಗಿನವರೆಂದರೆ ಬಿಸಿಲಲ್ಲಿ ಕಪ್ಪಾಗುವವರೆಂದು ನಾನೆಣಿಸಿದ್ದೆ. ಅಡುಗೆಮನೆ ಹಡಗಿನ ಕೆಳಗಿನ ಅಂತಸ್ತಿನಲ್ಲಿರುವುದರಿಂದ ಅವನು ಬಿಸಿಲನ್ನೇ ಕಾಣುವುದಿಲ್ಲವಂತೆ. ಅವನು ಬಗ್ಗಿ ಅವ್ವನ ಕಾಲು ಮುಟ್ಟಿದನು. ಅವ್ವ ಅವನ ಕೈಗಳನ್ನು ಹಿಡಿದು, ಬೆರಳುಗಳ ಮೇಲಿನ ಸುಟ್ಟ ಕಲೆಗಳನ್ನು ಒಂದೊಂದಾಗಿ ನೋಡಿದಳು. ಏನೂ ಹೇಳಲಿಲ್ಲ.

ಉಳಿದದ್ದು ಮೂರೂವರೆ ಗಂಟೆ. “ಅಣ್ಣಾ, ಎಲ್ಲಿಗೆ?” ಎಂದನು ತಮ್ಮ. ಕುದ್ರೋಳಿಗೂ ತಣ್ಣೀರುಬಾವಿಗೂ ಇನ್ನೂ ಸಮಯವಿದೆಯೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, “ಸನೇದಾಗ ಎಲ್ಲಿ ನೀರೈತಿ, ಅಲ್ಲಿಗೆ ನಡೀರಿ” ಎಂದಳು. ಪಟ್ಟಿಯ ಕಥೆ ಅಲ್ಲಿಗೆ ಮುಗಿಯಿತು. ಆಟೋದವನು ಕೇಳುವ ಮೊದಲೇ ಮೀಟರು ಹಾಕಿದನು. ಹತ್ತು ನಿಮಿಷಗಳೊಳಗೆ ಪಣಂಬೂರಿನ ತೀರ.

ಕಡಲು

ಸಾಲು ಅಂಗಡಿಗಳನ್ನು ದಾಟಿದೊಡನೆ ಎದುರಿಗೆ ಒಮ್ಮೆಲೇ ತೆರೆದುಕೊಂಡಿತು. ಅವ್ವ ನಿಂತಳು. ಚಪ್ಪಲಿಗಳನ್ನು ಕಳಚಿಟ್ಟಳು. ಬಿಸಿಯೇರಿದ ಮರಳಿನ ಮೇಲೆ ಬರಿಗಾಲಲ್ಲಿ ನಡೆದುಹೋಗಿ, ಹೊಳೆಯಲ್ಲಿ ಮಾಡುವಂತೆ ಬೊಗಸೆಯಲ್ಲಿ ನೀರನ್ನೆತ್ತಿ ಕಣ್ಣಿಗೂ ತಲೆಗೂ ಹಚ್ಚಿಕೊಂಡಳು. ಸೆರಗಿನ ತುದಿಯಿಂದ ನಾಲ್ಕು ಕುಸುರೆಳ್ಳನ್ನು ತೆಗೆದು ಅಲೆಗೆ ಹಾಕಿದಳು. ನಮ್ಮ ಕಡೆ ಸಂಕ್ರಮಣಕ್ಕೆ ಚಕ್ಕಡಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದುಂಟು. ಆ ವರ್ಷ ಸೂತಕದ ಮನೆಯೆಂದು ನಾವು ಹೋಗಿರಲಿಲ್ಲ. ಅವ್ವನ ಲೆಕ್ಕದಲ್ಲಿ ಇದು ಆ ಬಾಕಿಯನ್ನು ತೀರಿಸುವ ದಿನವೆಂದು ನನಗೆ ಆಗ ಅರ್ಥವಾಯಿತು.

ನಾಲಿಗೆಗೆ ತಾಗಿದ ಹನಿಯನ್ನು ರುಚಿ ನೋಡಿ, “ಇಷ್ಟ್ ನೀರಿಟ್ಟು ಒಂದು ಗುಟುಕು ಕುಡಿಯಾಕ ಬರೂದಿಲ್ಲಲ್ಲೋ!” ಎಂದಳು. ಬಳಿಕ, “ಆಚೀ ದಂಡಿ ಎಲ್ಲೈತಿ?” ಎಂದಳು. ನೇರವಾಗಿ ಹೋದರೆ ಲಕ್ಷದ್ವೀಪದ ಬದಿಯಿಂದ ಹಾದು ಆಫ್ರಿಕವೇ ಸಿಗುವುದೆಂದು ತಮ್ಮ ಹೇಳಿದನು. ಹದಿನೆಂಟು ವರ್ಣನೆಗಳನ್ನು ಪಾಠ ಹೇಳುವ ನನಗೆ ಅಲ್ಲಿ ಒಂದು ಮಾತೂ ಬರಲಿಲ್ಲ. ಕಡಲಿನ ದಿಗಂತದಲ್ಲಿ ಸರದಿಗಾಗಿ ಲಂಗರು ಹಾಕಿ ನಿಂತ ಸರಕಿನ ಹಡಗುಗಳು, ಬಲಗಡೆಗೆ ಬಂದರಿನ ಕಲ್ಲೊಡ್ಡು, ಮರಳಿನ ಮೇಲೆ ಗೆಜ್ಜೆ ಕಟ್ಟಿದ ಒಂದು ಒಂಟೆ. ಮಗಳು ನೀರಿನಲ್ಲಿ ಮೊಣಕಾಲು ದಾಟಿದ್ದೇ ತಡ, ಕಾವಲಿನ ಹುಡುಗ ಸೀಟಿ ಊದಿ ಹಿಂದಕ್ಕೆ ಕರೆದನು. ಜನವರಿಯ ಕಡಲು ನೋಡಲು ಸಾಧುವಾದರೂ ಕಾಲಡಿಯ ಮರಳನ್ನು ಎಳೆಯುವ ಬಲ ಅದಕ್ಕಿದ್ದೇ ಇದೆ. ಮಳೆಗಾಲದಲ್ಲಂತೂ ಇಲ್ಲಿ ನೀರಿಗಿಳಿಯುವ ಮಾತೇ ಇಲ್ಲ.

ಅಂಗಡಿಯ ಚಪ್ಪರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಮೊಸರು. ತಮ್ಮ ತಲೆ ತಗ್ಗಿಸಿ ಉಂಡನು. ಹಡಗಿನಲ್ಲಿ ಬಗೆಬಗೆಯ ರೊಟ್ಟಿಗಳನ್ನು ಸುಡುತ್ತಾರಂತೆ. ಜೋಳ ಸಜ್ಜೆಗಳ ಹೆಸರು ಮಾತ್ರ ಅಲ್ಲಿ ಯಾರಿಗೂ ಗೊತ್ತಿಲ್ಲ. ಭಾರೀ ಹಡಗುಗಳಲ್ಲಿ ಪ್ರವಾಸಿಗರ ಜೊತೆಗೆ ಕೆಲಸಗಾರರೂ ಬಹಳ ಮಂದಿ ಇರುತ್ತಾರಂತೆ. ವಾರದ ಏಳು ದಿನವೂ ಕೆಲಸ, ರಜೆಯೆಂಬುದಿಲ್ಲ. 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆ ದಿನಕ್ಕೆ ಹತ್ತು ಗಂಟೆಗಳಿಗೆ ಕಡಿಮೆಯಿಲ್ಲದ ವಿಶ್ರಾಂತಿಯನ್ನು ವಿಧಿಸಿದೆ. ದಡಕ್ಕಿಳಿಯಲು ಬಿಡಬೇಕೆಂಬುದೂ ಅದರಲ್ಲಿದೆ. ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. “ಆ ಕಾಗದದ ಪುಣ್ಯದಿಂದ ಇವತ್ತು ರೊಟ್ಟಿ ಸಿಕ್ಕಿತು” ಎಂದು ತಮ್ಮ ನಕ್ಕನು.

ಸಣ್ಣ ಗಂಟು

ಊಟವಾದ ಮೇಲೆ ಅವ್ವ ಕೈ ಒರೆಸಿಕೊಂಡು ಆ ಎರಡನೆಯ ಗಂಟನ್ನು ಬಿಚ್ಚಿದಳು. ಒಳಗಿದ್ದದ್ದು ಹೊಲದ ಉತಾರ. ತಂದೆಯ ಬಳಿಕ ವಾರಸಾ ಮಾಡಿಸಿ ಹೊಸದಾಗಿ ತೆಗೆಸಿದ್ದು. ಅದರಲ್ಲಿ ಬಹುಕಾಲದಿಂದ ಕುಳಿತಿದ್ದ ಸೊಸಾಯಿಟಿಯ ಸಾಲದ ಬೋಜಾ ಇಳಿದಿತ್ತು. ಆ ಸಾಲವನ್ನು ತೀರಿಸಿದ್ದು ತಮ್ಮ ತಿಂಗಳು ತಿಂಗಳು ಕಳಿಸಿದ ಹಣ. ಅವ್ವನಿಗೆ ಓದಲು ಬಾರದು. ಆದರೂ ಬೆರಳಿಟ್ಟು ತೋರಿಸಿದಳು.

“ಇಲ್ಲಿ ನನ್ನ ಹೆಸರು, ಇಲ್ಲಿ ನಿಮ್ಮಣ್ಣಂದು. ಇದು ನಿಂದು. ಓದು.”

ತಮ್ಮ ತನ್ನ ಹೆಸರನ್ನು ಓದಿದನು. ಅದರ ಮೇಲೆ ತಂದೆಯ ಹೆಸರಿದ್ದ ಸ್ಥಳವನ್ನೂ ನೋಡಿದನು. ಬಹಳ ಹೊತ್ತು ಕಡಲಿನ ಕಡೆಗೆ ಮುಖ ತಿರುಗಿಸಿ ಕುಳಿತನು. ಜೂನಿನಲ್ಲಿ ಪರದೆಯ ಮೇಲೆ ನೋಡುವಾಗ ಅಳಲಾಗದೆ ಉಳಿದದ್ದು ಅಲ್ಲಿ ಹೊರಬಂದಿತು. ಮಗಳು ಗಾಬರಿಯಿಂದ ನನ್ನನ್ನು ನೋಡಿದಳು. ನಾನು ಅವಳನ್ನು ಚಿಪ್ಪು ಆಯಲು ಕರೆದುಕೊಂಡು ಹೋದೆ.

ಹಿಂದಿರುಗಿ ಬಂದಾಗ ಅವ್ವ ಕೇಳಬೇಕಾದದ್ದನ್ನು ಕೇಳಿದ್ದಳು. ತಮ್ಮ ಹೇಳುತ್ತಿದ್ದನು: ಕೊರೆಸುವ ಬಾವಿಗೂ ಮನೆಯ ಹಿಂದಿನ ಗೋಡೆಗೂ ಹಣವಾಗಬೇಕು, ಇನ್ನೆರಡು ಒಪ್ಪಂದ ಮಾಡುತ್ತೇನೆ, ಹೊಲವನ್ನು ಒಂದು ವರ್ಷದ ಮಟ್ಟಿಗೆ ಲಾವಣಿಗೆ ಹಾಕು, ಎರಡು ವರ್ಷಕ್ಕೆ ಬರೆದುಕೊಡಬೇಡ. ಅವ್ವ ತಕ್ಷಣ ಒಪ್ಪಲಿಲ್ಲ. ಯಾರಿಗೆ ಹಾಕುವುದು, ಬದುವಿನ ಬೇವಿನ ಗಿಡವನ್ನು ಕಡಿಯದಂತೆ ಹೇಗೆ ಮಾತಾಡುವುದು, ಎತ್ತುಗಳನ್ನು ಏನು ಮಾಡುವುದು ಎಂದು ಒಂದೊಂದನ್ನೂ ಕೇಳಿದಳು. ಅವನು ಒಂದೊಂದಕ್ಕೂ ಉತ್ತರ ಹೇಳಿದನು. ನಾಲ್ಕೆಕರೆಯ ಪಂಚಾಯಿತಿ ಅರಬ್ಬೀ ಸಮುದ್ರದ ಎದುರಿಗೆ ಮುಗಿಯಿತು. ಕಡೆಗೆ ಅವ್ವ ಉತಾರವನ್ನು ಮಡಚುತ್ತ, “ನೀರಿನ ಮ್ಯಾಲ ಎಷ್ಟ್ ದಿನಾ ಅರs ಇರು, ನೆಲದಾಗ ನಿನ್ನ ಹೆಸರೈತಿ ಅನ್ನೂದು ಮರೀಬ್ಯಾಡ” ಎಂದಳು.

ಎರಡೂವರೆಗೆ ಎದ್ದೆವು. ಹಡಗಿನವರ ಮೂರು ಗಂಟೆಯೆಂದರೆ ಮೂರೇ ಗಂಟೆ. ತಡವಾದರೆ ಹಡಗು ಕಾಯುವುದಿಲ್ಲ, ಕೆಲಸವೂ ಕಾಯುವುದಿಲ್ಲ. ಆಟೋ ಸಿಗಲು ಐದು ನಿಮಿಷ ತಡವಾದಾಗ ನನಗಿಂತ ಹೆಚ್ಚಾಗಿ ಅವ್ವನೇ ಆತಂಕಪಟ್ಟಳು. ಮೂರಕ್ಕೆ ಹತ್ತು ನಿಮಿಷವಿರುವಾಗ ಅವನು ಬಾಗಿಲೊಳಗೆ ಹೋದನು. ಉಳಿದ ರೊಟ್ಟಿಗಳು ಅವನ ಚೀಲದಲ್ಲಿದ್ದವು. ಒಳಗೆ ಒಯ್ಯಲು ಬಿಟ್ಟರೋ ಇಲ್ಲವೋ ಎಂಬ ಚಿಂತೆ ಅವ್ವನಿಗೆ ಸಂಜೆಯವರೆಗೂ ಇದ್ದಿತು.

ಹಡಗು ಹೊರಟದ್ದು

ನಮ್ಮ ಬಸ್ಸು ರಾತ್ರಿಗೆ. ಇನ್ನಾದರೂ ಕುದ್ರೋಳಿಯನ್ನು ನೋಡಬಹುದಿತ್ತು. ಆದರೆ ಅವ್ವ ಮತ್ತೆ ತೀರಕ್ಕೇ ಹೋಗೋಣವೆಂದಳು. ಪಣಂಬೂರಿನ ತೀರಕ್ಕೆ ಇದೊಂದು ಅನುಕೂಲವಿದೆ. ಬಂದರಿನಿಂದ ಹೊರಡುವ ಹಡಗನ್ನು ಇಲ್ಲಿ ಕುಳಿತು ಕಾಣಬಹುದು. ಮಗಳಿಗೆ ಚುರುಮುರಿ ಕೊಡಿಸಿದೆ. ನಮ್ಮ ಹುಬ್ಬಳ್ಳಿಯ ಗಿರ್ಮಿಟ್ಟಿನ ಮುಂದೆ ಇದೇನೆಂದು ಅವಳು ಮೊದಲು ಮೂಗು ಮುರಿದರೂ ಎರಡನೆಯ ಪೊಟ್ಟಣವನ್ನು ಬೇಡವೆನ್ನಲಿಲ್ಲ.

ಐದು ಗಂಟೆ ಕಳೆದ ಮೇಲೆ ಕಲ್ಲೊಡ್ಡಿನ ಆಚೆಗೆ ಬಿಳಿಯ ಗೋಡೆಯೊಂದು ಸರಿಯತೊಡಗಿತು. ಒಡ್ಡನ್ನು ದಾಟಿ ಪೂರ್ತಿಯಾಗಿ ಹೊರಬಂದಾಗ ಅದು ಹಡಗೆಂದು ತಿಳಿಯಿತು. ಅಂತಸ್ತಿನ ಮೇಲೆ ಅಂತಸ್ತು, ಒಂದು ಊರಿಗೆ ಊರೇ. ಮುಂದೆ ಸಣ್ಣ ದೋಣಿಯೊಂದು ದಾರಿ ತೋರಿಸುವಂತೆ ಹೋಗುತ್ತಿದ್ದಿತು. ಸ್ವಲ್ಪ ದೂರ ನೇರವಾಗಿ ಪಡುವಣಕ್ಕೆ ಹೋಗಿ, ಬಳಿಕ ನಿಧಾನವಾಗಿ ಎಡಕ್ಕೆ, ಕೊಚ್ಚಿಯ ದಿಕ್ಕಿಗೆ ಹೊರಳಿ ನಮ್ಮೆದುರಿಗೇ ಹಾಯ್ದಿತು. ಮೇಲಿನ ಅಂತಸ್ತುಗಳಲ್ಲಿ ಜನ ನಿಂತಂತೆ ಕಾಣುತ್ತಿದ್ದಿತು. ಅವ್ವ ಎದ್ದು ನಿಂತು ಸೆರಗಿನಿಂದ ಬೀಸಿದಳು.

“ಅಜ್ಜೀ, ಕಾಕಾ ಅಲ್ಲಿಲ್ಲ. ಅವನು ಕೆಳಗಿರುತ್ತಾನೆ, ಅಡುಗೆಮನೆಯಲ್ಲಿ. ಅಲ್ಲಿ ಕಿಟಕಿಯೇ ಇಲ್ಲವಂತೆ” ಎಂದಳು ಮಗಳು.

“ಗೊತ್ತೈತೆವಾ” ಎಂದು ಅವ್ವ ಬೀಸುತ್ತಲೇ ಇದ್ದಳು.

ಸೂರ್ಯ ಮುಳುಗುವಾಗ ಹಡಗು ದೀಪಗಳ ಒಂದು ಸಾಲಾಗಿತ್ತು. ಕತ್ತಲಾದ ಮೇಲೆ ನಗರಸಾರಿಗೆಯ ಬಸ್ಸಿನಲ್ಲಿ ಬಿಜೈಗೆ ಮರಳಿದೆವು. ಈ ಸಲ ಅವ್ವ ಆಧಾರ್ ಕಾರ್ಡನ್ನು ತೆಗೆಯಲಿಲ್ಲ. ಸೆರಗಿನ ಗಂಟಿನಿಂದ ಚಿಲ್ಲರೆಯನ್ನು ಎಣಿಸಿ ತಾನೇ ಕೊಟ್ಟಳು.

ಹಡಗಿನಿಂದ ಬಂಧುಗಳು ಇಳಿಯುವುದನ್ನು ಎದುರುನೋಡುವ ವಾಚಕರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಅಪ್ಪಣೆಯ ಸಮಯವನ್ನು ಪೂರ್ತಿ ನಂಬಬೇಡಿರಿ, ಒಂದೂವರೆ ಗಂಟೆಯನ್ನು ಕಳೆದು ಲೆಕ್ಕ ಹಾಕಿರಿ. ಬಂದರಿಗೆ ಹತ್ತಿರದ ತೀರವನ್ನೇ ಆರಿಸಿಕೊಳ್ಳಿರಿ. ಚಿಲ್ಲರೆ ಹಣವನ್ನೂ ಬುತ್ತಿಯನ್ನೂ ಮರೆಯಬೇಡಿರಿ. ದೇವಾಲಯಗಳೂ ಬತ್ತೇರಿಯೂ ಎಲ್ಲಿಯೂ ಹೋಗುವುದಿಲ್ಲ, ಇನ್ನೊಮ್ಮೆ ನೋಡಬಹುದು.

ಯುಗಾದಿಗೆ ನಾಲ್ಕೆಕರೆಯನ್ನು ಒಂದೇ ವರ್ಷಕ್ಕೆ ಲಾವಣಿಗೆ ಹಾಕಿದೆವು. ಬೇವಿನ ಗಿಡದ ಮಾತನ್ನು ಅವ್ವ ಮರೆಯದೆ ಬರೆಸಿದಳು. ಹಗೇವಿನ ಮೇಲಿನ ಗೂಡಿನಲ್ಲಿ ಉತಾರದ ಜೊತೆಗೆ ಈಗ ಪಣಂಬೂರಿನ ನಾಲ್ಕು ಚಿಪ್ಪುಗಳಿವೆ. ಮನೆಗೆ ಬಂದವರು ಮಂಗಳೂರಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದರೆ, ನಾನು ಉತ್ತರ ಹುಡುಕುತ್ತಿರುವಾಗಲೇ ಅವ್ವ ಹೇಳುತ್ತಾಳೆ: “ಮಗನ್ನ ನೋಡಿ ಬಂದ್ವಿ. ಅಲ್ಲೇ ಸಮುದ್ರನೂ ಇತ್ತು.”